ಎಡಗಾಲಿನ ಕೆಲಸ

ನಮ್ಮ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ಖಾಲಿ ಲಿಂಬೆ ಚೀಲಗಳ ಕೆಳಗೆ ಒಂದು ಗೇರ್‌ಬಾಕ್ಸ್ ಬಿದ್ದಿದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಇಬ್ಬರು ಹಮಾಲರು ಸೇರಿದರೂ ಸುಲಭಕ್ಕೆ ಎತ್ತಲಾಗದಷ್ಟು ಭಾರ. ಗುಜರಿಯವನು ಆಗಾಗ ಬಂದು ಅದನ್ನು ಕಾಲಿನಿಂದ ತಟ್ಟಿ ನೋಡಿ, "ಅಣ್ಣಾ, ದೇತಾ ಕಾ?" ಅಂತ ಕೇಳುತ್ತಾನೆ. ಕೊಡ್ತೀರಾ ಅಂತ. ಮುಂದಿನ ತಿಂಗಳು ನೋಡೋಣ ಅನ್ನುತ್ತೇನೆ. ನಾಲ್ಕೈದು ವರ್ಷದಿಂದ ಇದನ್ನೇ ಅನ್ನುತ್ತಿದ್ದೇನೆ. ಅಂದ ಹಾಗೆ ಮರಾಠಿಯಲ್ಲಿ ಗುಜರಿಗೆ ಭಂಗಾರ ಅನ್ನುತ್ತಾರೆ. ಇಲ್ಲಿಗೆ ಬಂದ ಹೊಸದರಲ್ಲಿ ಬೀದಿಯಲ್ಲಿ ಕೈಗಾಡಿ ತಳ್ಳಿಕೊಂಡು ಭಂಗಾರ ಭಂಗಾರ ಅಂತ ಕೂಗುವವರನ್ನು ಕಂಡು ನಾನು ಬೆರಗಾಗಿದ್ದೆ. ಎಂಥಾ ಊರಪ್ಪಾ ಇದು, ಬಂಗಾರವನ್ನೂ ತೂಕಕ್ಕೆ ಹಾಕಿ ಬೀದಿಯಲ್ಲಿ ಕೊಳ್ಳುತ್ತಾರಲ್ಲ ಅಂತ.

ದೌಂಡ ನಮ್ಮ ಕಡೆಯವರಿಗೆ ಊರಲ್ಲ, ಒಂದು ಸ್ಟೇಷನ್. ಬೆಂಗಳೂರಿನಿಂದ ದಿಲ್ಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಸೊಲ್ಲಾಪುರ ದಾಟಿ ಇಲ್ಲಿಗೆ ಬಂದು, ಪುಣೆಯನ್ನು ಪಕ್ಕಕ್ಕೆ ಬಿಟ್ಟು ಮನಮಾಡದ ಕಡೆ ಹೊರಳುತ್ತದೆ. ಪುಣೆಯಿಂದ ಮನಮಾಡಕ್ಕೆ ಹೋಗುವ ಗಾಡಿಗಳು ಮೊದಲು ಇಲ್ಲಿ ನಿಂತು, ಇಂಜಿನ್ ಬಿಚ್ಚಿ ಹಿಂದಿನ ತುದಿಗೆ ಜೋಡಿಸಿಕೊಂಡು, ಬಂದ ದಿಕ್ಕಿಗೇ ಹೊರಡಬೇಕಿತ್ತು. ಈಗ ಅದಕ್ಕೊಂದು ಕಾರ್ಡ್ ಲೈನ್ ಆಗಿದೆ. ಪುಣೆ ಇಲ್ಲಿಂದ ಸುಮಾರು 75 ಕಿಲೋಮೀಟರು. ರೈಲು ಬಿಟ್ಟರೆ ಊರಲ್ಲಿರುವುದು ರಾಜ್ಯ ಮೀಸಲು ಪೊಲೀಸರ ಕ್ಯಾಂಪು, ಸುತ್ತ ಕಬ್ಬು, ಸ್ವಲ್ಪ ದೂರಕ್ಕೆ ಕುರಕುಂಭದ ಕೆಮಿಕಲ್ ಫ್ಯಾಕ್ಟರಿಗಳು, ಮತ್ತೆ ಭೀಮಾ ನದಿ. ಈ ಕೊನೆಯದೇ ನನಗೆ ಮುಖ್ಯ. ನಾನು ಇಂಡಿ ತಾಲ್ಲೂಕಿನ ಭೀಮಾ ದಂಡೆಯವನು. ಇಲ್ಲಿ ಸೇತುವೆ ಕೆಳಗೆ ಹರಿದ ನೀರು ಉಜನಿ ಅಣೆಕಟ್ಟಿನಲ್ಲಿ ಒಂದಿಷ್ಟು ನಿಂತು, ಪಂಢರಪುರ ನೋಡಿಕೊಂಡು, ಆಮೇಲೆ ನಮ್ಮೂರಿಗೆ ಬರುತ್ತದೆ. ನಾನು 1994ರಲ್ಲಿ ಅದಕ್ಕೆ ಎದುರಾಗಿ, ಮೇಲಕ್ಕೆ ಬಂದೆ.

ನನ್ನ ವ್ಯಾಪಾರ ಲಿಂಬೆಹಣ್ಣಿನದು. ಊರ ಕಡೆಯಿಂದ ಚೀಲ ಬರುತ್ತವೆ, ಜೊತೆಗೆ ಇಲ್ಲಿಯ ತರಕಾರಿ ಸೇರಿಸಿ ಕುರಕುಂಭದ ಕ್ಯಾಂಟೀನುಗಳಿಗೆ, ಸೊಲ್ಲಾಪುರ ಹೈವೇ ಮೇಲಿನ ಢಾಬಾಗಳಿಗೆ ಮುಟ್ಟಿಸುತ್ತೇನೆ. ಅದಕ್ಕೊಂದು ಪಿಕಪ್ ಗಾಡಿ ಬೇಕು. 2020ರ ಲಾಕ್‌ಡೌನಿನಲ್ಲಿ ಹಳೇ ಗಾಡಿ ಕೈಕೊಟ್ಟಾಗ, ಪುಣೆಯಲ್ಲಿ ಯಾರೋ ಧಂದೆ ಮುಚ್ಚಿ ಮಾರುತ್ತಿದ್ದ ಪಿಕಪ್ಪು ಅಗ್ಗಕ್ಕೆ ಸಿಕ್ಕಿತು. ನೋಡಲು ಜೀಪಿನ ಹಾಗೆ ಠೀವಿ, ಹಿಂದೆ ಹೊರೆ ಹೇರುವ ಜಾಗ. ತಂದ ಮೇಲೆ ಕಾಲಿಟ್ಟು ನೋಡಿದರೆ ಎರಡೇ ಪೆಡಲು. ಕ್ಲಚ್ಚೇ ಇಲ್ಲ. ಅಗ್ಗಕ್ಕೆ ಯಾಕೆ ಕೊಟ್ಟ ಅಂತ ಆಗ ಗೊತ್ತಾಯಿತು. ಆಗ ನಮ್ಮಲ್ಲಿ ಇಂಥ ಆಟೋಮ್ಯಾಟಿಕ್ ಪಿಕಪ್ ಬಂದು ಹೆಚ್ಚು ದಿನ ಆಗಿರಲಿಲ್ಲ, ಸರಕು ಹೊರುವ ಧಂದೆಯವರು ಯಾರೂ ಅದನ್ನು ಮೂಸಿಯೂ ನೋಡುತ್ತಿರಲಿಲ್ಲ.

ಮೊದಲ ದಿನವೇ ಆ ಗಾಡಿ ನನ್ನ ಮಾನ ಕಳೆಯಿತು. ಊರೊಳಗಿಂದ ಕುರಕುಂಭಕ್ಕೆ ಹೋಗಲು ರೈಲುಹಳಿಯ ಕೆಳಗೆ ಒಂದು ಇಕ್ಕಟ್ಟಾದ ಮೋರಿ ದಾಟಬೇಕು. ಎದುರಿಂದ ಟ್ರ್ಯಾಕ್ಟರ್ ಬಂತು. ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಎಡಗಾಲು ತಾನಾಗಿಯೇ ಕ್ಲಚ್ ಹುಡುಕಿಕೊಂಡು ಹೋಯಿತು. ಅದು ಇಲ್ಲದ್ದಕ್ಕೆ ಅಗಲವಾದ ಬ್ರೇಕ್ ಪೆಡಲ್ಲಿನ ತುದಿ ಸಿಕ್ಕಿತು. ಕ್ಲಚ್ ತುಳಿಯುವ ಹಾಗೆ ಪೂರಾ ತುಳಿದೆ. ಗಾಡಿ ಗೋಡೆಗೆ ಬಡಿದಂತೆ ನಿಂತಿತು, ಹಿಂದೆ ಒಂದು ಚೀಲ ಬಿಚ್ಚಿ ಲಿಂಬೆಹಣ್ಣು ಮೋರಿಯ ತುಂಬಾ ಉರುಳಿದವು. ಜನ ನಕ್ಕರು, ಆರಿಸಿಯೂ ಕೊಟ್ಟರು. ಪಕ್ಕದಲ್ಲಿ ಕೂತಿದ್ದ ನಮ್ಮ ಹುಡುಗ ಮಾತ್ರ ನಗದೆ, "ಕಾಕಾ, ಎಡಗಾಲು ಹಿಂದ ಮಡಚಿ ಸೀಟಿನ ಬುಡಕ್ಕ ಇಡ್ರಿ. ಅದಕ್ಕಿಲ್ಲಿ ಕೆಲಸ ಇಲ್ಲ" ಅಂದ.

ಈ ಹುಡುಗನ ಬಗ್ಗೆ ಹೇಳಬೇಕು. ಅಕ್ಕಲಕೋಟ ತಾಲ್ಲೂಕಿನವನು. ಮಹಾರಾಷ್ಟ್ರದ ನಕ್ಷೆಯಲ್ಲಿದ್ದರೂ ಮನೆಮಾತು ಕನ್ನಡ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲು ಮೊಣಕಾಲಿನಿಂದ ಕೆಳಗೆ ಸಣ್ಣಗಾಗಿದೆ, ನೆಲಕ್ಕೆ ಒತ್ತಿದರೆ ಬಲ ಬರುವುದಿಲ್ಲ. ನನ್ನಲ್ಲಿ ತೂಕ, ಲೆಕ್ಕ ನೋಡಿಕೊಳ್ಳುತ್ತಿದ್ದ. ಪುಣೆಯಲ್ಲಿ ಸಂಬಂಧಿಕರೊಬ್ಬರ ಆಟೋಮ್ಯಾಟಿಕ್ ಕಾರಿನ ಮೇಲೆ ಹೊಡೆಯುವುದನ್ನು ಕಲಿತು, ಅದರ ಮೇಲೆಯೇ ಪರೀಕ್ಷೆ ಕೊಟ್ಟು, ಲೈಸೆನ್ಸ್ ಮಾಡಿಸಿಕೊಂಡಿದ್ದನಂತೆ. ನನಗದು ಗೊತ್ತೇ ಇರಲಿಲ್ಲ. ಹೇಳಿ ಏನು ಮಾಡುವುದು, ನಮ್ಮ ಗಾಡಿ ಗೇರಿನದು ಅಂತ ಸುಮ್ಮನಿದ್ದನಂತೆ. ಮೋರಿಯಿಂದ ಆಚೆಗೆ ಅವನೇ ಹೊಡೆದ. ಅವತ್ತಿನಿಂದ ಅವನೇ ಡ್ರೈವರ್.

ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್. ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ಕಾಲ. ಗಾಡಿಗೆ ಅತ್ಯಾವಶ್ಯಕ ಸೇವೆ ಅಂತ ಚೀಟಿ ಅಂಟಿಸಿಕೊಂಡು ಖಾಲಿ ಹೈವೇ ಮೇಲೆ ಹೋಗುತ್ತಿದ್ದೆವು. ಬಿಸಿನೀರಿಗೆ ಲಿಂಬೆ ಹಿಂಡಿ ಕುಡಿದರೆ ರೋಗ ಹತ್ತಿರ ಬರುವುದಿಲ್ಲ ಅಂತ ಜನ ನಂಬಿದ್ದರು, ವ್ಯಾಪಾರ ಚೆನ್ನಾಗಿತ್ತು. ಗೇರ್ ಕಡ್ಡಿಯ ಪಕ್ಕದಲ್ಲಿ ಬರೆದಿದ್ದ ಇಂಗ್ಲಿಷ್ ಅಕ್ಷರ ತೋರಿಸಿ, "ಡಿ ಅಂದ್ರ ದೌಂಡ, ಆರ್ ಅಂದ್ರ ಊರಿಗಿ ರಿಟರ್ನ್" ಅಂತ ತಮಾಷೆ ಮಾಡುತ್ತಿದ್ದ. ಅವನ ತಾಯಿಗೆ ಸ್ಟೇರಿಂಗ್ ಹಿಡಿದ ಫೋಟೋ ಹೋಗಿತ್ತು. ಆಮೇಲೆ ಅವನಿಗೊಂದು ಹೆಣ್ಣು ನೋಡುವ ಮಾತೂ ಶುರುವಾಗಿತ್ತು. ಹುಡುಗ ಏನು ಮಾಡ್ತಾನೆ ಅಂತ ಕೇಳಿದವರಿಗೆ ಡ್ರೈವರ್ ಅದಾನ ಅಂತ ಹೇಳಿದ್ದರಂತೆ.

ಅಕ್ಟೋಬರಿನಲ್ಲಿ ಮಳೆ ಬಂತು. ಹೋದ ಮುಂಗಾರು ಹಿಂದಿರುಗಿ ಸುರಿಯುವ ಈ ಮಳೆಗೆ ಮರಾಠಿಯವರು ಪರತೀಚಾ ಪಾವುಸ್ ಅನ್ನುತ್ತಾರೆ, ಮರಳಿ ಹೋಗುವ ಮಳೆ. 2020ರಲ್ಲಿ ಅದು ಪುಣೆ, ಸೊಲ್ಲಾಪುರ ಜಿಲ್ಲೆಗಳನ್ನು ತೊಳೆದುಹಾಕಿತು. ಅದೇ ವಾರ ಭೀಮೆ ಉಕ್ಕಿ ನಮ್ಮ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ದಂಡೆಯ ಹಳ್ಳಿಗಳಿಗೆ ನುಗ್ಗಿದ್ದು ನಿಮಗೆ ನೆನಪಿರಬಹುದು. ಆ ನೀರು ನಿಮ್ಮಲ್ಲಿಗೆ ಬರುವ ಮೊದಲು, ಕುರಕುಂಭದಿಂದ ಬರುವ ಒಳದಾರಿಯ ಒಂದು ಹಳ್ಳದಲ್ಲಿ ನನ್ನ ಎದುರಿಗೆ ನಿಂತಿತ್ತು. ಸಂಜೆ. ಸೇತುವೆ ಮೇಲೆ ನೀರು ಹರಿಯುತ್ತಿತ್ತು. ಹುಡುಗ ಗಾಡಿ ನಿಲ್ಲಿಸಿದ.

"ಬ್ಯಾಡ್ರಿ ಕಾಕಾ. ಎಷ್ಟ ಆಳ ಅದ ಗೊತ್ತಿಲ್ಲ. ಹೈವೇ ಹಿಡದು ಸುತ್ತಿ ಹೋಗೂಣು."

"ನೀ ಈ ಕಡೆ ಬಾ," ಅಂದೆ. ನಾನು ನದಿ ದಂಡೆಯವನು, ನೀರು ನನಗೆ ಗೊತ್ತು ಅನ್ನುವ ಹಮ್ಮು. ಅವನನ್ನು ಎಬ್ಬಿಸಿ ನಾನೇ ಕೂತು ನೀರಿಗಿಳಿಸಿದೆ. ನಡುವೆ ಒಂದು ಗಳಿಗೆ ಗಾಡಿ ತೇಲಿದ ಹಾಗಾಯಿತು. ದಾಟಿದೆವು. ನೋಡಿದೆಯಾ ಅಂತ ಅವನ ಮುಖ ನೋಡಿದೆ. ಅವನು ಏನೂ ಅನ್ನಲಿಲ್ಲ.

ಗಾಡಿ ಹೇಳಿದ್ದು ಮೂರು ವಾರದ ಮೇಲೆ. ಮೊದಲು ಗೇರ್ ಬದಲಾಗುವಾಗ ಒಂದು ನಡುಕ. ಆಮೇಲೆ ಇಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ. ಮಿಸ್ತ್ರಿ ಕೆಳಗಿನ ಬೋಲ್ಟ್ ಬಿಚ್ಚಿ ಎಣ್ಣೆ ಇಳಿಸಿದ. ಕುಂಕುಮದ ಹಾಗೆ ಕೆಂಪಗಿರಬೇಕಾದ ಎಣ್ಣೆ ಗುಲಾಬಿ ಮಿಲ್ಕ್‌ಶೇಕಿನ ಹಾಗೆ ಬಂತು. ಗೇರ್‌ಬಾಕ್ಸಿಗೆ ಉಸಿರಾಡಲು ಒಂದು ಸಣ್ಣ ಕೊಳವೆ ಇರುತ್ತದೆ, ಅದರಿಂದ ನೀರು ಒಳಕ್ಕೆ ಹೋಗಿತ್ತು. ಇದರ ಒಳಗೆ ಒಂದರ ಮೇಲೊಂದು ಜೋಡಿಸಿದ ತೆಳು ಬಿಲ್ಲೆಗಳಿರುತ್ತವೆ, ಅವುಗಳ ಮೇಲೆ ಅಂಟಿಸಿದ ಪದರ ನೀರು ಕುಡಿದರೆ ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಂಡಿತ್ತು. ಅವತ್ತೇ ಎಣ್ಣೆ ಬದಲಿಸಿದ್ದರೆ ಉಳಿಯುತ್ತಿತ್ತೇನೋ. ಹುಡುಗ ಎರಡು ಸಲ ನೆನಪಿಸಿದ್ದ, ಒಮ್ಮೆ ತೋರಿಸೂಣು ಅಂತ. ತೋರಿಸಿದ್ದರೆ ನೀರಿಗಿಳಿಸಿದ್ದು ತಪ್ಪು ಅಂತ ಒಪ್ಪಿಕೊಂಡ ಹಾಗಾಗುತ್ತಿತ್ತು.

ಹೊಸ ಗೇರ್‌ಬಾಕ್ಸಿಗೆ ಹೇಳಿದ ರೇಟು ಗಾಡಿಗೆ ನಾನು ಕೊಟ್ಟದ್ದರಲ್ಲಿ ಅರ್ಧ. ನೀರಿಗೆ ಹೋಗಿದ್ದಕ್ಕೆ ವಾರಂಟಿ ಇಲ್ಲ. ಆಗ ಮಿಸ್ತ್ರಿ ಇನ್ನೊಂದು ದಾರಿ ಹೇಳಿದ. ಇದೇ ಮಾಡೆಲ್ಲಿನ ಗೇರಿನ ಗಾಡಿ ಎಲ್ಲೋ ಅಪಘಾತದಲ್ಲಿ ಹೋಗಿರುತ್ತದೆ, ಅದರ ಸಾಮಾನು ಮುಂಬೈಯ ಕುರ್ಲಾದಲ್ಲಿ ಸಿಗುತ್ತದೆ, ತಂದು ಕೂರಿಸಿಬಿಡೋಣ. ಖರ್ಚು ಅದರ ಕಾಲುಭಾಗಕ್ಕೂ ಬರುವುದಿಲ್ಲ. ಆಮೇಲೆ ಒಂದು ಮಾತು ಸೇರಿಸಿದ: "ಅಣ್ಣಾ, ಗಾಡಿ ಆಪಲ್ಯಾ ಹಾತಾತ ಪಾಹಿಜೆ." ಗಾಡಿ ನಮ್ಮ ಕೈಯಲ್ಲಿರಬೇಕು.

ಈ ಮಾತು ನನಗೆ ಎಷ್ಟು ಹಿಡಿಸಿತು ಅಂದರೆ, ರೊಕ್ಕದ ಲೆಕ್ಕ ಹಿಂದೆ ಸರಿದು ಅದೊಂದು ತತ್ತ್ವವೇ ಆಗಿಬಿಟ್ಟಿತು. ಹೌದಲ್ಲ, ತನ್ನಷ್ಟಕ್ಕೆ ತಾನೇ ಗೇರ್ ಹಾಕಿಕೊಳ್ಳುವ ಗಾಡಿಯಲ್ಲಿ ಮನುಷ್ಯನದೇನು ಕೆಲಸ? ಕಾಯಕದ ನಾಡಿನಿಂದ ಬಂದವನು, ಕೈ ಕೆಸರಾದರೆ ಬಾಯಿ ಮೊಸರು ಅಂತ ಕೇಳಿ ಬೆಳೆದವನು. ಘಟ್ಟ ಹತ್ತುವಾಗ ಎರಡಕ್ಕೆ ತಂದು, ಇಂಜಿನ್ನಿನ ಉಸಿರು ಕೇಳಿ ಮೂರಕ್ಕೆ ಹಾಕುವುದರಲ್ಲಿ ಒಂದು ಸುಖವಿದೆ, ಇಲ್ಲ ಅನ್ನುವುದಿಲ್ಲ. ಸಿಕ್ಕವರಿಗೆಲ್ಲ ಇದನ್ನು ಹೇಳಿಕೊಂಡು ತಿರುಗಿದೆ. ಎಲ್ಲರೂ ಹೌದೌದು ಅಂದರು. ಹೌದು ಅಂದವರಿಗೆಲ್ಲ ಎರಡೂ ಕಾಲು ನೆಟ್ಟಗಿದ್ದವು ಅನ್ನುವುದು ಆಗ ಹೊಳೆಯಲಿಲ್ಲ.

ಕುರ್ಲಾದಿಂದ ಸಾಮಾನು ಬಂದು ಕೆಲಸ ಶುರುವಾದಾಗ ನಾನು ಗ್ಯಾರೇಜಿನಲ್ಲೇ ಕೂತಿರುತ್ತಿದ್ದೆ. ಒಂದು ಪೆಟ್ಟಿಗೆ ತೆಗೆದು ಇನ್ನೊಂದು ಇಟ್ಟರಾಯಿತು ಅಂದುಕೊಂಡಿದ್ದೆ. ಹಾಗಲ್ಲ. ಆಟೋಮ್ಯಾಟಿಕ್ಕಿನಲ್ಲಿ ಇಂಜಿನ್ನಿನ ಹಿಂದೆ ಇರುವುದು ತೆಳುವಾದ ಒಂದು ತಟ್ಟೆ, ಅದಕ್ಕೆ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್. ಎರಡು ಫ್ಯಾನು ಎದುರುಬದುರು ಇಟ್ಟು ಒಂದನ್ನು ಹಚ್ಚಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಹಾಗೆ ಎಣ್ಣೆಯ ಬಲದಿಂದ ಗಾಡಿ ಎಳೆಯುವ ಉಪಾಯ. ಫಟಿಂಗರ್ ಅನ್ನುವ ಜರ್ಮನ್ ಇಂಜಿನಿಯರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳಿಗಾಗಿ. ಇದನ್ನು ತೆಗೆದು ಆ ಜಾಗಕ್ಕೆ ಭಾರದ ಫ್ಲೈವೀಲ್, ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು ಬರಬೇಕು. ಕ್ರ್ಯಾಂಕಿನ ತುದಿಗೆ ಒಂದು ಸಣ್ಣ ಬೇರಿಂಗು. ಡ್ಯಾಶ್‌ಬೋರ್ಡಿನ ಕೆಳಗೆ ತಲೆಕೆಳಗಾಗಿ ಮಲಗಿ ಮೂರು ಪೆಡಲಿನ ಚೌಕಟ್ಟು ಕೂರಿಸಬೇಕು. ಕ್ಲಚ್ಚಿಗೆ ಎಣ್ಣೆಯ ಪೈಪು ಎಳೆಯಬೇಕು. ಚಕ್ರಕ್ಕೆ ಹೋಗುವ ಜಾಯಿಂಟ್ ರಾಡಿನ ಅಳತೆ ಬೇರೆ. ಇಷ್ಟೆಲ್ಲಾ ಆಗಿ ಕೀಲಿ ತಿರುಗಿಸಿದರೆ ಗಾಡಿ ಸ್ಟಾರ್ಟೇ ಆಗಲಿಲ್ಲ. ಇಂಜಿನ್ನಿನ ಕಂಪ್ಯೂಟರು ಹಳೇ ಗೇರ್‌ಬಾಕ್ಸಿನ ಕಂಪ್ಯೂಟರಿನಿಂದ ಉತ್ತರಕ್ಕೆ ಕಾಯುತ್ತಾ ಕೂತಿತ್ತು. ಗೇರು ಪಾರ್ಕಿಂಗಿನಲ್ಲೋ ನ್ಯೂಟ್ರಲ್ಲಿನಲ್ಲೋ ಇದೆ ಅಂತ ಅದು ಹೇಳಿದರೆ ಮಾತ್ರ ಇದು ಸ್ಟಾರ್ಟರಿಗೆ ಅನುಮತಿ ಕೊಡುವುದು. ಸತ್ತವನ ಸಹಿಗೆ ಕಾಯುವ ಗುಮಾಸ್ತನ ಹಾಗೆ. ಕೊನೆಗೆ ಆ ಕಂಪ್ಯೂಟರನ್ನೂ ಕೀಲಿಯನ್ನೂ ಅಪಘಾತದ ಗಾಡಿಯದೇ ತಂದು ಜೋಡಿಸಿದರು.

ಕಾಗದಪತ್ರವೂ ಇತ್ತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಕಂಪನಿ ಮಾಡಿಕೊಟ್ಟದ್ದಕ್ಕೂ ಆರ್‌ಸಿ ಪುಸ್ತಕದಲ್ಲಿ ಇರುವುದಕ್ಕೂ ತಾಳೆಯಾಗದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಗಟ್ಟಿಯಾಗಿ ಹೇಳಿದೆ. ಹೀಗಾಗಿ ಕೇಳಿ, ಬರೆದು, ವಿಮೆಯವರಿಗೆ ತಿಳಿಸಿ, ಗಾಡಿಗಿಂತ ಹೆಚ್ಚು ನಾನೇ ಓಡಿದೆ. ಎಲ್ಲರೂ ಗಾಡಿಯ ಬಗ್ಗೆ ಕೇಳಿದರು. ಇಂಜಿನ್ ನಂಬರ್, ಚಾಸಿ ನಂಬರ್. ಯಾರು ಹೊಡೆಯುತ್ತಿದ್ದರು, ಇನ್ನು ಯಾರು ಹೊಡೆಯುತ್ತಾರೆ ಅಂತ ಕೇಳುವ ಖಾನೆ ಯಾವ ಫಾರಮ್ಮಿನಲ್ಲೂ ಇರಲಿಲ್ಲ. ನಾನೂ ಆ ಪ್ರಶ್ನೆ ಹಾಕಿಕೊಂಡಿರಲಿಲ್ಲ. ಹುಡುಗ ದಿನಾ ಗ್ಯಾರೇಜಿಗೆ ಬಂದು ಚಹಾ ತಂದುಕೊಡುತ್ತಿದ್ದ, ಬೋಲ್ಟುಗಳನ್ನು ಡಬ್ಬಿಯಲ್ಲಿ ಬೇರೆ ಬೇರೆ ಹಾಕಿಡುತ್ತಿದ್ದ. ಮೂರನೇ ಪೆಡಲ್ ಕೂರಿಸಿದ ದಿನ ಬಗ್ಗಿ ನೋಡಿ, ಕೈಯಿಂದ ಒಮ್ಮೆ ಒತ್ತಿ ನೋಡಿದ. "ಬಿರುಸು ಅದ," ಅಂದ. ಅಷ್ಟೇ.

ಮರುದಿನದಿಂದ ನಾನೇ ಡ್ರೈವರ್. ಅವನು ಮತ್ತೆ ತಕ್ಕಡಿ ಮುಂದೆ. ಪಗಾರ ಕಡಿಮೆ ಮಾಡಲಿಲ್ಲ ಅನ್ನುವುದನ್ನು ನಾನು ಆಗ ದೊಡ್ಡದಾಗಿ ಎಣಿಸಿದ್ದೆ. ಹೆಣ್ಣಿನ ಮಾತು ಮುಂದೆ ಹೋಗಲಿಲ್ಲ. ಅವರದೇನೋ ಜಾತಕದ ತಕರಾರಂತೆ ಅಂದ. ನಾನು ಕೆದಕಿ ಕೇಳಲಿಲ್ಲ. ಕೇಳಲು ಧೈರ್ಯ ಇರಲಿಲ್ಲ ಅಂತಲೇ ಇಟ್ಟುಕೊಳ್ಳಿ.

ಗಾಡಿ ನನ್ನ ಕೈಗೆ ಬಂದ ಮೇಲೆ ಒಂದು ವಿಚಿತ್ರ ಗಮನಿಸಿದೆ. ಒಂದು ದಿನ ಕುರಕುಂಭದಿಂದ ಬಂದು ಇಳಿದಾಗ, ದಾರಿಯಲ್ಲಿ ಎಷ್ಟು ಸಲ ಗೇರ್ ಹಾಕಿದೆ ಅಂತ ಸುಮ್ಮನೆ ಲೆಕ್ಕ ಹಾಕಲು ಹೋದೆ. ಒಂದೂ ನೆನಪಿಲ್ಲ. ಮೋರಿ ಹೇಗೆ ದಾಟಿದೆ, ಅದೂ ನೆನಪಿಲ್ಲ. ತಲೆಯಲ್ಲಿ ಢಾಬಾದವನ ಬಾಕಿ ಓಡುತ್ತಿತ್ತು, ಕೈಕಾಲು ತಮ್ಮ ಪಾಡಿಗೆ ಕೆಲಸ ಮಾಡಿದ್ದವು. ಹಾಗಾದರೆ ಯಾವುದನ್ನು ನಾನು ನನ್ನ ಕೈಯಲ್ಲಿದೆ ಅಂತ ಕೊಚ್ಚಿಕೊಂಡೆನೋ ಅದೂ ಆಟೋಮ್ಯಾಟಿಕ್ಕೇ. ಎಣ್ಣೆಯೂ ಕವಾಟಗಳೂ ಮಾಡುತ್ತಿದ್ದ ಕೆಲಸವನ್ನು ಇಪ್ಪತ್ತು ವರ್ಷದ ರೂಢಿ ಮಾಡುತ್ತಿದೆ. ಪೆಟ್ಟಿಗೆ ಗಾಡಿಯೊಳಗಿದ್ದದ್ದು ನನ್ನ ಮೈಯೊಳಗೆ ಬಂದಿದೆ, ಅಷ್ಟೇ. ವ್ಯತ್ಯಾಸ ಇರುವುದು ಒಂದರಲ್ಲಿ: ಗಾಡಿಯೊಳಗಿದ್ದಾಗ ಅದನ್ನು ನಾವಿಬ್ಬರೂ ಬಳಸಬಹುದಿತ್ತು.

ಇದು ಹೊಳೆದ ದಿನ ನನಗೆ ದಿವಾನಜಿ ನೆನಪಾದರು. 1994ರಲ್ಲಿ ನಾನು ಇಲ್ಲಿಗೆ ಬಂದಾಗ ಹತ್ತೊಂಬತ್ತು ವರ್ಷ. ಗಡಿಯವನಾದ್ದರಿಂದ ಮರಾಠಿ ಕೇಳಿದರೆ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಬಂದರೂ ಅಂಕಿ ಬರುತ್ತಿರಲಿಲ್ಲ. ನಮ್ಮಲ್ಲಿ ನೋಡಿ, ನಲವತ್ತು ಗೊತ್ತಿದ್ದರೆ ನಲವತ್ತೆರಡೂ ಗೊತ್ತು, ನಲವತ್ತೈದೂ ಗೊತ್ತು. ಮರಾಠಿಯಲ್ಲಿ ಹಾಗಲ್ಲ. ಬೇಚಾಳೀಸ, ಪಂಚೇಚಾಳೀಸ ಅಂತ ಎರಡೋ ಐದೋ ಮೊದಲು ಬಂದು, ನಲವತ್ತು ಹಿಂದಿನಿಂದ ಬರುತ್ತದೆ. ನೂರರವರೆಗೆ ಒಂದೊಂದಕ್ಕೂ ಒಂದೊಂದು ರೂಪ. ಸವಾಲಿನ ಹೊತ್ತಿಗೆ ವ್ಯಾಪಾರಿಗಳು ಅಂಕಿಗಳನ್ನು ಮಳೆ ಸುರಿದ ಹಾಗೆ ಸುರಿಸುತ್ತಿದ್ದರು. ನಾನು ಬಾಯಿ ಬಿಟ್ಟುಕೊಂಡು ನಿಂತಿರುತ್ತಿದ್ದೆ. ಎರಡು ಸಲ ಮೋಸ ಹೋದೆ, ಒಮ್ಮೆ ನಾನೇ ಹೆಚ್ಚು ಕೂಗಿ ಮಾವನಿಂದ ಬೈಸಿಕೊಂಡೆ.

ನಮ್ಮ ಮಾವ ಮಾಲು ಹಾಕುತ್ತಿದ್ದ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುದುಕರೊಬ್ಬರಿದ್ದರು, ಎಲ್ಲರೂ ದಿವಾನಜಿ ಅನ್ನುತ್ತಿದ್ದರು. ಕನ್ನಡ ಒಂದಕ್ಷರ ಬರದ ಮನುಷ್ಯ. ಒಂದು ಬೆಳಿಗ್ಗೆ ಹೇಳದೆ ಕೇಳದೆ ನನ್ನ ಪಕ್ಕ ಬಂದು ನಿಂತರು. ಸವಾಲು ನಡೆದಂತೆ ಚೀಟಿಯ ಮೇಲೆ ಅಂಕಿ ಬರೆದು ತೋರಿಸುತ್ತಾ ಹೋದರು. ನಾನು ಬೆರಳಿನಿಂದ ತೋರಿಸಿದ್ದನ್ನು ಅವರು ಬಾಯಲ್ಲಿ ಕೂಗಿದರು. ಮರುದಿನವೂ ಬಂದರು. ಸುಮಾರು ಒಂದು ವರ್ಷ ಹೀಗೆ ನಡೆಯಿತು. ಬೇಗ ಕಲಿ ಅಂತ ಅವರು ಒಮ್ಮೆಯೂ ಹೇಳಲಿಲ್ಲ. ಇಷ್ಟು ದಿನವಾದರೂ ಬರಲಿಲ್ಲವಾ ಅಂತ ಮುಖ ಸಿಂಡರಿಸಲಿಲ್ಲ. ಪರಊರಿನಲ್ಲಿ ನಾನು 42ಕ್ಕೂ 45ಕ್ಕೂ ನಡುವೆ ಸಿಕ್ಕಿ ಸಾಯುವ ಹೊತ್ತಿಗೆ ಆ ಗೇರನ್ನು ನನ್ನ ಬದಲು ಅವರು ಹಾಕಿದರು. ಆಗ ಯಾರಾದರೂ, ವ್ಯಾಪಾರ ಅಂದಮೇಲೆ ಅವರವರ ಬಾಯಲ್ಲೇ ಮಾಡಬೇಕು, ಅದೇ ನಿಜವಾದ ವ್ಯಾಪಾರ ಅಂತ ತತ್ತ್ವ ಹೇಳಿ ದಿವಾನಜಿಯನ್ನು ಪಕ್ಕಕ್ಕೆ ಎಳೆದಿದ್ದರೆ ನಾನು ಮುಂದಿನ ಗಾಡಿಗೇ ಊರಿಗೆ ಹೋಗಿರುತ್ತಿದ್ದೆ.

ಈಗ ಮರಾಠಿ ನನಗೆ ಗೇರ್ ಇಲ್ಲದೆ ಓಡುತ್ತದೆ. ಊರಿಂದ ತಂಗಿ ಫೋನ್ ಮಾಡಿದಾಗ ಕನ್ನಡಕ್ಕೆ ಮಾತ್ರ ಒಂದು ಕ್ಷಣ ಕ್ಲಚ್ ಒತ್ತಬೇಕಾಗುತ್ತದೆ. "ಅಣ್ಣಾ, ನೀ ಮರಾಠಿ ಮಂದಿಗತೆ ಮಾತಾಡಾಕತ್ತಿ" ಅಂತ ನಗುತ್ತಾಳೆ. ಅದು ಬೇರೆ ಮಾತು.

ಯಂತ್ರಗಳ ವಿಷಯದಲ್ಲಿ ಗಾಂಧೀಜಿಯಷ್ಟು ಕಟುವಾಗಿ ಬರೆದವರು ನಮ್ಮಲ್ಲಿ ಕಡಿಮೆ. 1909ರ ಹಿಂದ್ ಸ್ವರಾಜ್ ಓದಿದವರಿಗೆ ಗೊತ್ತು. ಆದರೆ ಅದೇ ಗಾಂಧೀಜಿ, ಪುಣೆಯ ಯರವಡಾ ಜೈಲಿನಿಂದ ಬಿಡುಗಡೆಯಾದ ವರ್ಷ, 1924ರಲ್ಲಿ, ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿಯುತ್ತಾ ಪಡುವ ಪಾಡು ನೋಡಲಾರದೆ, ಪ್ರೀತಿಯಿಂದ ಸಿಂಗರ್ ಅದನ್ನು ಮಾಡಿದ ಅನ್ನುವುದು ಅವರ ಕಾರಣ. ಯಂತ್ರ ಎಷ್ಟು ಕೆಲಸ ಕಸಿಯಿತು ಅನ್ನುವುದರ ಜೊತೆಗೆ, ಯಾರ ನೋವಿಗಾಗಿ ಬಂತು ಅಂತಲೂ ಅವರು ನೋಡಿದರು. ಆಟೋಮ್ಯಾಟಿಕ್ ಗೇರು ಪ್ರೀತಿಯಿಂದ ಹುಟ್ಟಿದ್ದೇನಲ್ಲ. ಅಮೆರಿಕದಲ್ಲಿ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಹೈಡ್ರಾಮ್ಯಾಟಿಕ್ ಅನ್ನುವ ಹೆಸರಲ್ಲಿ 1940ರ ಮಾಡೆಲ್ಲಿಗೆ ಅದು ಬಂದದ್ದು ಆರಾಮಕ್ಕೆ, ಮಾರಾಟಕ್ಕೆ. ಆದರೆ ಎರಡನೇ ಮಹಾಯುದ್ಧ ಮುಗಿದು ಕಾಲು ಕಳೆದುಕೊಂಡ ಸೈನಿಕರು ಮನೆಗೆ ಮರಳಿದಾಗ ಅದೇ ಕಾರು ಅವರ ಕೈಗೆ ಬಂತು. 1946ರಲ್ಲಿ ಅಲ್ಲಿಯ ಸರ್ಕಾರ ಅಂಥವರಿಗೆ ಕಾರು ಕೊಳ್ಳಲು 1,600 ಡಾಲರ್ ಕೊಡುವ ಕಾನೂನು ಮಾಡಿತು. ಆರಾಮದ ಸಾಮಾನು ಇನ್ನೊಬ್ಬರಿಗೆ ಕಾಲಾಯಿತು. ನಮ್ಮ ಪುಣೆಯ ಖಡಕಿಯಲ್ಲೂ ಗಾಯಾಳು ಸೈನಿಕರಿಗೆ ಕೆಲಸ ಕಲಿಸುವ ಕ್ವೀನ್ ಮೇರೀಸ್ ಸಂಸ್ಥೆ ಇದೆ, 1917ರಲ್ಲಿ ಮುಂಬೈಯಲ್ಲಿ ಶುರುವಾಗಿ ಆಮೇಲೆ ಇಲ್ಲಿಗೆ ಬಂದದ್ದು. ಅದರ ಮುಂದಿನಿಂದ ಎಷ್ಟು ಸಲ ಲಿಂಬೆ ಹೇರಿಕೊಂಡು ಹೋಗಿದ್ದೇನೋ, ಬೋರ್ಡು ಓದಿದ್ದು ಮಾತ್ರ ಈಚೆಗೆ.

ನನ್ನ ಗೆಳೆಯನೊಬ್ಬ, ಇಲ್ಲಿಯೇ ರೈಲ್ವೆಯಲ್ಲಿರುವವನು, ಈ ಮಾತು ಒಪ್ಪುವುದಿಲ್ಲ. "ನಿನ್ನ ಗಾಡಿ, ನಿನ್ನ ರೊಕ್ಕ. ಅರ್ಧ ಬೆಲೆ ಕೊಟ್ಟು ಗೇರ್‌ಬಾಕ್ಸ್ ಹಾಕಿಸಿ ಧಂದೆ ಮುಳುಗಿದ್ದರ ಅವನಿಗೂ ಕೆಲಸ ಇರತಿರಲಿಲ್ಲ, ನಿನಗೂ ಇರತಿರಲಿಲ್ಲ" ಅನ್ನುತ್ತಾನೆ. ಲೆಕ್ಕ ಸರಿಯಾಗಿದೆ. ಆ ವರ್ಷ ನನ್ನ ಹತ್ತಿರ ಅಷ್ಟು ಹಣ ಇರಲಿಲ್ಲ ಅನ್ನುವುದೂ ನಿಜ. ರೊಕ್ಕ ಇಲ್ಲ, ನಿನ್ನ ಕೆಲಸ ಹೋಗುತ್ತದೆ, ನೀರಿಗಿಳಿಸಿದ್ದು ನಾನು, ತಪ್ಪು ನನ್ನದು ಅಂತ ಹುಡುಗನಿಗೆ ನೆಟ್ಟಗೆ ಹೇಳಿದ್ದರೆ ಮುಗಿಯುತ್ತಿತ್ತು. ಅದನ್ನು ಹೇಳದೆ ಗಾಡಿ ನಮ್ಮ ಕೈಯಲ್ಲಿರಬೇಕು ಅಂತ ಊರೆಲ್ಲ ಭಾಷಣ ಮಾಡಿದೆನಲ್ಲ, ನನ್ನನ್ನು ಚುಚ್ಚುವುದು ಅದು. ಜೇಬಿನ ಲೆಕ್ಕಕ್ಕೆ ದೊಡ್ಡ ಮಾತಿನ ಅಂಗಿ ತೊಡಿಸಿದೆ. ಆ ಮಾತನ್ನು ಅವನು ಪಕ್ಕದಲ್ಲೇ ಕೂತು ಕೇಳುತ್ತಿದ್ದ. ನಮ್ಮ ಕೈ ಅಂದಾಗ ಅದರಲ್ಲಿ ತಾನಿಲ್ಲ ಅಂತ ಅವನಿಗೆ ಗೊತ್ತಾಗದೆ ಇರುತ್ತದೆಯೇ.

ಕ್ಲಚ್ಚನ್ನು ಕೈಯಿಂದ ಒತ್ತುವ ಹಾಗೆ ಗೇರ್ ಕಡ್ಡಿಗೆ ಲಿವರ್ ಜೋಡಿಸಿಕೊಡುವವರು ಇದ್ದಾರೆ ಅಂತ ಆಮೇಲೆ ತಿಳಿಯಿತು. ಕಾರುಗಳಿಗೆ ಮಾಡಿಕೊಡುತ್ತಾರೆ. ಮಿಸ್ತ್ರಿಯನ್ನು ಕೇಳಿದೆ. ಹೊರೆ ಹೇರಿದ ಪಿಕಪ್ಪಿನ ಕ್ಲಚ್ ಬಿರುಸು, ಕೈ ಸೋಲುತ್ತದೆ, ಅದಕ್ಕೆ ಬೇರೆ ಏರ್ಪಾಟು ಬೇಕು, ಮಾಡಬಹುದು, ಆದರೆ ಖರ್ಚು ಅಂದ. ಆ ವರ್ಷ ಲಿಂಬೆ ಬೆಲೆ ಬಿದ್ದಿತ್ತು. ಮುಂದಿನ ವರ್ಷ ಮಗಳ ಫೀಸು ಬಂತು. ಅದರ ಮುಂದಿನ ವರ್ಷ ಏನು ಬಂತು ಅಂತ ನೆನಪಿಲ್ಲ, ಏನೋ ಬಂದಿರಬೇಕು.

ದೂರದ ಪಾಳಿ ಇದ್ದಾಗ ಅವನೂ ಜೊತೆಗೆ ಬರುತ್ತಾನೆ, ಚೀಲ ಇಳಿಸುವಾಗ ಲೆಕ್ಕ ಬರೆದುಕೊಳ್ಳಲು. ಹೋದ ಹಂಗಾಮಿನಲ್ಲಿ ಒಂದು ಸಂಜೆ ಪಾಟಸ್ ಹತ್ತಿರ, ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದಿದ್ದೆವು. ನಿಲ್ಲುವುದು, ತೆವಳುವುದು, ನಿಲ್ಲುವುದು. ನನಗೀಗ ಐವತ್ತಾಯಿತು, ಮೊಣಕಾಲು ನೋಯತೊಡಗಿತ್ತು. ಫೋನ್ ಬಂತು, ಬಾಕಿಯ ಯೋಚನೆ ತಲೆಗೆ ಹೊಕ್ಕಿತು. ಇಂಜಿನ್ ಗುರ್ ಅನ್ನುತ್ತಿತ್ತು.

"ಕಾಕಾ, ಮೂರಕ್ಕ ತರ್ರಿ," ಅಂದ ಅವನು, ಕಿಟಕಿಯಾಚೆ ನೋಡುತ್ತಾ.

ಸರಿಯಾಗಿತ್ತು. ಇನ್ನು ಸ್ವಲ್ಪ ಬಿಟ್ಟಿದ್ದರೆ ಗಾಡಿ ಕುಂಟಿ ನಿಲ್ಲುತ್ತಿತ್ತು. ಒಮ್ಮೆಯೂ ಗೇರ್ ಹಾಕದವನಿಗೆ ಇದು ಹೇಗೆ ಗೊತ್ತು ಅಂತ ಕೇಳಿದೆ. "ಆ ಗಾಡಿ ತಾನೇ ಹಾಕೋತಿತ್ತಲ್ರಿ. ಯಾವ ದನಿಗಿ ಯಾವುದು ಹಾಕೋತದ ಅಂತ ಕೇಳ್ತಾ ಕೂಡತಿದ್ದೆ," ಅಂದ. ನಾಲ್ಕು ತಿಂಗಳು ಹೊಡೆದವನು ಆ ಪೆಟ್ಟಿಗೆಯಿಂದ ಗೇರ್ ಕಲಿತಿದ್ದ. ಮುಂದೆ ಯವತದವರೆಗೂ ಅವನು ಮೂರು, ನಾಲ್ಕು, ಮತ್ತ ಮೂರು ಅಂತ ಮೆಲ್ಲಗೆ ಹೇಳುತ್ತಾ ಬಂದ. ನಾನು ಅವನು ಹೇಳಿದ ಹಾಗೆ ಕ್ಲಚ್ ಒತ್ತುತ್ತಾ ಹೋದೆ.

ಮೊನ್ನೆ ಗುಜರಿಯವನು ಮತ್ತೆ ಬಂದಿದ್ದ. ಈ ಸಲ ಕೈಯಲ್ಲಿ ರೊಕ್ಕ ಹಿಡಿದುಕೊಂಡೇ ಬಂದಿದ್ದ, ಒಳಗೆ ಅಲ್ಯೂಮಿನಿಯಂ ಇದೆ, ಒಳ್ಳೇ ರೇಟು ಕೊಡುತ್ತೇನೆ ಅಂದ. ಹುಡುಗ ತಕ್ಕಡಿ ಹತ್ತಿರ ಕೂತು ಚೀಲಕ್ಕೆ ನಂಬರ್ ಬರೆಯುತ್ತಿದ್ದ. ತಲೆ ಎತ್ತದೆ ಹೇಳಿದ:

"ಕೊಟ್ಟುಬಿಡ್ರಿ ಕಾಕಾ. ಅದು ಹೋದರ ಇನ್ನ ಹತ್ತು ಚೀಲ ಇಡಾಕ ಜಾಗ ಆಗತದ."

ನಾನು ಮುಂದಿನ ತಿಂಗಳು ನೋಡೋಣ ಅಂದೆ.